ಕಜ್ಜಿಯಿಲ್ಲದ ಕಾಡು

ಈ ಕಥೆಯನ್ನು ಮೊದಲು ಹೇಳಿದವರು ನರ್ಸ್ ಫ್ಲೋರಿನ್ ಬಾಯಿ. ಚುಚ್ಚುಮದ್ದು ಹಾಕಿಸಿಕೊಂಡು ಮುಖ ಊದಿಸಿಕೊಂಡ ಮಕ್ಕಳನ್ನು ಅರ್ಧ ಗಂಟೆ ಕೂರಿಸಿಕೊಳ್ಳಬೇಕಲ್ಲ, ಆಗ ಹೇಳುತ್ತಿದ್ದರು.

ಒಂದು ಕಾಡಿನಲ್ಲಿ ಕಜ್ಜಿ ಹಬ್ಬಿತ್ತು. ಕೆರೆದು ಕೆರೆದು ಪ್ರಾಣಿಗಳ ತುಪ್ಪಳ ಉದುರುತ್ತಿತ್ತು. ಕೆಂಚವ್ವ ಎಂಬ ಮುಂಗುಸಿ ದಿನಾ ಬಿಲದಿಂದ ಬಿಲಕ್ಕೆ ಹೋಗಿ ಎಲ್ಲರನ್ನೂ ನೋಡಿಬರುತ್ತಿದ್ದಳು. ಕಜ್ಜಿ ಕಂಡಾಗಲೆಲ್ಲ ಬಳ್ಳಿಗೆ ಒಂದು ಗಂಟು ಹಾಕುತ್ತಿದ್ದಳು. ಗುಡ್ಡದಾಚೆಯ ಆನೆ ದೊಡ್ಡಮ್ಮ ಸುತ್ತಲಿನ ಕಾಡುಗಳಿಗೆಲ್ಲ ಒಡತಿ. ಎಷ್ಟು ಗಂಟೋ ಅಷ್ಟು ಸೋರೆಬುರುಡೆ, ಕಜ್ಜಿಗೆ ಹಚ್ಚುವ ಹೊಂಗೆ ಎಣ್ಣೆ ಕಳಿಸುವುದು ಅವಳ ಪದ್ಧತಿ. ಬಳ್ಳಿಯನ್ನು ಅವಳಿಗೆ ಒಪ್ಪಿಸುವ ಕೆಲಸ ಮಾತ್ರ ಆರೋಗ್ಯದ ಮುಖ್ಯಸ್ಥ, ನರಿ ಜಂಬಣ್ಣನದು.

ಆ ವರ್ಷ ದೊಡ್ಡಮ್ಮ ಸಾರಿದಳು: "ಯಾವ ಕಾಡಿನಲ್ಲಿ ಕಜ್ಜಿ ಇಲ್ಲವೋ, ಅಲ್ಲಿಯ ಮುಖ್ಯಸ್ಥನಿಗೆ ಇನ್ನೂ ಮೂರು ಕಾಡಿನ ಅಧಿಕಾರ."

ಮರುದಿನವೇ ಕೆಂಚವ್ವ ನಲವತ್ತು ಗಂಟಿನ ಬಳ್ಳಿ ತಂದಳು.

"ಇದೇನೇ ಕೆಂಚವ್ವ, ಯಾರನ್ನ ಕಟ್ಟಿಹಾಕೋಕೆ?" ಎಂದ ಜಂಬಣ್ಣ.

"ಕಜ್ಜಿ ಬಂದೋರು, ಜಂಬಣ್ಣನೋರೆ."

"ಕಜ್ಜಿ ಅನ್ನಬೇಡ. ತುರಿಕೆ ಅನ್ನು. ಅದೂ ಬೇಡ, ಕೆರ್ಕೊಳ್ಳೋ ಅಭ್ಯಾಸ ಅಂತ ಇಟ್ಕೊ. ಅಭ್ಯಾಸಕ್ಕೆ ಯಾರಾದ್ರೂ ಗಂಟು ಹಾಕ್ತಾರಾ?"

"ಮೊಲ ಸುಬ್ಬಿಯ ಮರಿ ಮೈಮೇಲೆ ಒಂದೆಳೆ ಕೂದಲಿಲ್ಲ. ಮಾಗಿ ಚಳಿಗೆ ಮೊದಲು ಎಣ್ಣೆ ಬೀಳದಿದ್ರೆ ಆ ಮಗು ಉಳಿಯಲ್ಲ."

"ನೀನು ಬಿಲ ನೋಡು. ಕಾಡು ನಾನು ನೋಡ್ಕೋತೀನಿ." ಜಂಬಣ್ಣ ಬಳ್ಳಿಯನ್ನು ಕಚ್ಚಿ ಹರಿದು ಹಳ್ಳಕ್ಕೆಸೆದ.

ದೊಡ್ಡಮ್ಮ ತಪಾಸಣೆಗೆ ಬರುವ ದಿನ ಅವನು ಕೆಂಚವ್ವನನ್ನು ಏನೋ ನೆಪ ಹೇಳಿ ದೂರದ ಹೊಳೆಗೆ ಅಟ್ಟಿದ. ಉಳಿದವರನ್ನೆಲ್ಲ ಕೆಸರಿನಲ್ಲಿ ಹೊರಳಾಡಿಸಿದ. ಬೋಳು ಮೈ ಯಾವುದು, ತುಪ್ಪಳ ಯಾವುದು, ಒಂದೂ ತಿಳಿಯದಾಯಿತು. ಕೆಸರೆಂದರೆ ಪ್ರಾಣ ಬಿಡುವ ದೊಡ್ಡಮ್ಮನಿಗೆ ಬಹಳ ಸಂತೋಷವಾಯಿತು. "ಎಷ್ಟು ಚೆನ್ನಾಗಿದ್ದೀರಿ ಎಲ್ಲರೂ" ಎಂದು ಮೂರು ಕಾಡು ಕೊಟ್ಟು ಹೋದಳು. ಆ ಸಲದ ಎಣ್ಣೆಯೆಲ್ಲ ಬೇರೆ ಕಾಡಿಗೆ ಹೋಯಿತು.

ಹೊಸ ಕಾಡುಗಳನ್ನು ನೋಡಲು ಹೊರಡುವ ಮೊದಲೇ ಜಂಬಣ್ಣನ ಬಾಲ ತುರಿಸಿತು. ಅಭ್ಯಾಸ ಎಂದುಕೊಂಡ. ಎಂಟನೇ ದಿನಕ್ಕೆ ಬಾಲ ಒಣಕಡ್ಡಿಯ ಹಾಗಾಯಿತು. ಅದಕ್ಕೆ ಎಲೆ ಸುತ್ತಿಕೊಂಡು ಕೆಂಚವ್ವನ ಬಿಲಕ್ಕೆ ಬಂದ.

"ಒಂದು ಹನಿ ಎಣ್ಣೆ ಇದ್ರೆ ಕೊಡು ತಾಯಿ."

"ಕಜ್ಜಿ ಇಲ್ಲದ ಕಾಡಿಗೆ ಎಣ್ಣೆ ಯಾರು ಕಳಿಸ್ತಾರೆ, ಜಂಬಣ್ಣನೋರೆ?"

"ಹಾಗಾದ್ರೆ ನನ್ನ ಗತಿ?"

"ಸುಬ್ಬಿ ಮರಿಯ ಗತಿಯೇ ನಿಮ್ದೂ. ಹೊಸ ಬಳ್ಳಿಗೆ ಆ ನಲವತ್ತು ಗಂಟೂ ಹಾಕಿದೀನಿ, ನಲವತ್ತೊಂದನೇದು ನಿಮ್ದೇ. ಎಲೆ ಬಿಚ್ಚಿ, ದೊಡ್ಡಮ್ಮನ ಹತ್ರ ನಡೀರಿ."

ನಾಲ್ಕು ಕಾಡಿನ ಮುಖ್ಯಸ್ಥ ಬೋಳು ಬಾಲದಲ್ಲಿ ಮುಂಗುಸಿಯ ಹಿಂದೆ ನಡೆದದ್ದನ್ನು ನಾಲ್ಕು ಕಾಡೂ ನೋಡಿದವು.

ನಡೆದದ್ದನ್ನು ಜಂಬಣ್ಣನ ಬಾಯಿಂದಲೇ ಕೇಳಿ ದೊಡ್ಡಮ್ಮ ಕಿವಿ ಬೀಸಿದಳು. "ಇವತ್ತಿಂದ ನೀನು ಎಣ್ಣೆ ಬುರುಡೆ ಹೊರು" ಎಂದಳು. ಆಮೇಲೆ ಕೆಂಚವ್ವನ ಕಡೆ ತಿರುಗಿದಳು. "ತಪ್ಪು ನಂದೂ ಇದೆ ಕಣವ್ವ. ಸೊನ್ನೆ ತಂದೋರಿಗೆ ಬಹುಮಾನ ಅಂದೆ, ಸೊನ್ನೆಯೇ ಬಂತು. ಇನ್ನು ಮುಖ್ಯಸ್ಥೆ ನೀನೇ."

"ಆಗಲಿ ದೊಡ್ಡಮ್ಮ. ಆದ್ರೆ ಬೆಳಗ್ಗೆ ಹೊತ್ತು ನನ್ನನ್ನ ಹುಡುಕಬೇಡಿ, ಬಿಲ ನೋಡೋಕೆ ಹೋಗಿರ್ತೀನಿ."

ಸಂಜೆಯೊಳಗೆ ನಲವತ್ತೊಂದು ಬುರುಡೆ ಎಣ್ಣೆ ಬಂತು. ಕೊನೆಯ ಬುರುಡೆ ತನಗೆ ಎಂದು ಗೊತ್ತಿದ್ದರಿಂದ ಜಂಬಣ್ಣ ಓಡೋಡಿ ಹಂಚಿದ.

ಮಾಗಿ ಚಳಿ ಆ ವರ್ಷ ಜೋರಾಗಿಯೇ ಬಂತು. ಸುಬ್ಬಿಯ ಮರಿ ಹೊಸ ತುಪ್ಪಳ ಹೊದ್ದು ಬಿಲದ ಬಾಗಿಲಲ್ಲಿ ಎಳೆಬಿಸಿಲು ಕಾಯಿಸುತ್ತ ಕೂತಿತ್ತು.

ನೀತಿ: ರೋಗವನ್ನು ಬಚ್ಚಿಟ್ಟರೆ ಮದ್ದು ಬರುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳುವವರಿಗೆ ಮುಖ್ಯಸ್ಥರಾದವರು ಮೊದಲು ಕಿವಿಗೊಡಬೇಕು.

ಕೇಳಿದ್ದಾಯಿತಲ್ಲ, ಇನ್ನು ನೀವೂ ಒಬ್ಬರಿಗೆ ಹೇಳಿ. ಅವರು ಯಾವುದಾದರೂ ಕಚೇರಿಯ ಮುಖ್ಯಸ್ಥರಾಗಿದ್ದರೆ ಇನ್ನೂ ಒಳ್ಳೆಯದು.