ತಳ ಸಿಕ್ಕಿದ ಲಂಗರು

ಮಟಮಟ ಮಧ್ಯಾಹ್ನ ಮೋಡದೊಳಗಿಂದ ಒಂದು ಲಂಗರು ಹಗ್ಗದ ಸಮೇತ ಇಳಿದು ಬಂದು, ದೇವಸ್ಥಾನದ ಶಿಖರದ ಮೇಲಿನ ಕಲಶಕ್ಕೆ ಕೊಕ್ಕೆ ಹಾಕಿತು.

"ಸಿಕ್ಕಿತು, ತಳ ಸಿಕ್ಕಿತು!" ಎಂದು ಲಂಗರು ಕೂಗಿತು.

ಕಲಶ ಕೆಂಡವಾಯಿತು. "ಯಾರನ್ನು ತಳ ಅಂತೀಯ? ಈ ಊರಲ್ಲಿ ನನಗಿಂತ ಎತ್ತರಕ್ಕೆ ಯಾರೂ ಮನೆ ಕಟ್ಟುವುದಿಲ್ಲ, ತಿಳಿದಿರಲಿ!"

"ಕೋಪ ಮಾಡಿಕೊಳ್ಳಬೇಡಿ ಸ್ವಾಮಿ. ನಮ್ಮ ಹಡಗು ತೇಲುವುದು ಮೋಡದ ಮೇಲೆ. ಅಲ್ಲಿಂದ ನೋಡಿದರೆ ನೀವೇ ತಳ."

ಅಷ್ಟರಲ್ಲಿ ಲಂಗರು ಬಿಡಿಸಲು ನಾವಿಕನೊಬ್ಬ ಹಗ್ಗ ಹಿಡಿದು, ಈಜುತ್ತಾ ಕೆಳಗಿಳಿದ. ಅರ್ಧ ದಾರಿಯಲ್ಲೇ ಉಸಿರಿಗಾಗಿ ಒದ್ದಾಡತೊಡಗಿದ.

"ಅಯ್ಯೋ, ನಿಮ್ಮ ಗಾಳಿ ಅವನಿಗೆ ನೀರಿದ್ದ ಹಾಗೆ! ಮುಳುಗಿ ಸಾಯುತ್ತಾನೆ!" ಎಂದು ಲಂಗರು ಚೀರಿತು. "ನನ್ನನ್ನು ಬಿಡಿಸದೆ ಅವನು ವಾಪಸು ಹೋಗುವವನಲ್ಲ. ಸ್ವಲ್ಪ ಬಾಗಿ, ಸ್ವಾಮಿ!"

"ನಾನು ಬಾಗುವುದೇ? ಕಲಶ ಬಾಗಿದರೆ ಊರಿಗೇ ಅಪಶಕುನ!"

ಕೆಳಗೆ ಅಂಗಳದಲ್ಲಿ ಜನ ಸೇರಿದ್ದರು. ಹೂ ಕಟ್ಟುವ ನಾಗವೇಣಮ್ಮ ಬಾಯಿ ಬಡಿದುಕೊಂಡರು: "ಯಾರ ಮನೆ ಮಗನೋ ಏನೋ, ಉಸಿರು ಕಟ್ಟಿ ಸಾಯ್ತಿದ್ದಾನಲ್ಲಪ್ಪ!"

ಕಲಶ ಬಾಗಿತು. ಕೊಕ್ಕೆ ಕಳಚಿತು. ಹಗ್ಗ ಹಿಡಿದಿದ್ದ ನಾವಿಕನೊಡನೆ ಲಂಗರು ಸರ್ರನೆ ಮೇಲೇರಿತು.

ಮೋಡದೊಳಗಿಂದ ಅದರ ದನಿ ಕೇಳಿಸಿತು: "ಹಡಗಿನವರಿಗೆಲ್ಲ ಹೇಳುತ್ತೇನೆ, ತಳದಲ್ಲಿ ದೊಡ್ಡವರಿದ್ದಾರೆ!"

ಓರೆಯಾದ ಕಲಶವನ್ನು ನೆಟ್ಟಗೆ ಮಾಡಲು ಜನ ಏಣಿ ತಂದರು. ಕಲಶಕ್ಕೆ ಅದರ ಪರಿವೆಯೇ ಇರಲಿಲ್ಲ. ಅದು ಮೇಲೆ ನೋಡುತ್ತಿತ್ತು. ಆ ದಿನದವರೆಗೆ ಅದು ಕೆಳಗೆ ಮಾತ್ರ ನೋಡಿತ್ತು.