ನೀರು ಹಾಕಿ ನೋಡದೆ ಕೊಂಡ ಕಂಬಳಿ

ಕಂಬಳಿ ನೇಯುವ ಮಾಳಮ್ಮನ ಪಾಲಿಗೆ ವಾರದಲ್ಲಿ ಇದ್ದದ್ದು ಒಂದೇ ದಿನ. ಅದು ಮಂಗಳವಾರ, ಸಂತೆಯ ದಿನ. ಮಿಕ್ಕ ಆರು ದಿನ ಅವಳ ಬಾಯಿಗೆ ಕೆಲಸವೇ ಇರಲಿಲ್ಲ.

ಅವಳ ಊರಿನಲ್ಲಿ ಹೆಂಗಸರು ಉಣ್ಣೆ ನೂಲುವುದು, ಗಂಡಸರು ಮಗ್ಗಕ್ಕೆ ಕೂರುವುದು ವಾಡಿಕೆ. ಅಪ್ಪ ತೀರಿಕೊಂಡ ಮೇಲೆ ಮಾಳಮ್ಮ ಎರಡನ್ನೂ ತಾನೇ ಮಾಡತೊಡಗಿದಳು. ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಹಾಗೇ ಹೋಯಿತು. ಅವಳ ಮನೆ ಇದ್ದದ್ದು ಊರ ಕೊನೆಯಲ್ಲಿ. ಊರವರು ಕೆಟ್ಟವರೇನಲ್ಲ, ಪುರುಸೊತ್ತಿಲ್ಲದವರು ಅಷ್ಟೆ. ದಾರಿಯಲ್ಲಿ ಸಿಕ್ಕರೆ "ಏನ್ ಮಾಳಮ್ಮಾ" ಅನ್ನುತ್ತಿದ್ದರು. ಅವಳು ಉತ್ತರ ಹುಡುಕುವಷ್ಟರಲ್ಲಿ ಮುಂದಕ್ಕೆ ಹೋಗಿಬಿಟ್ಟಿರುತ್ತಿದ್ದರು. ಹುಣಸೆಬೀಜದ ಗಂಜಿ ಕಾಯಿಸಿ ನೂಲಿಗೆ ಬಳಿಯುವಾಗಲೂ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗಲೂ ಅವಳ ಜೊತೆಗೆ ಯಾರೂ ಇರುತ್ತಿರಲಿಲ್ಲ.

ಸಂತೆಯ ಮಾತೇ ಬೇರೆ. ಎಲ್ಲಿಂದಲೋ ಲಾರಿಯಲ್ಲಿ ಗಿರಣಿ ಕಂಬಳಿಗಳು ಬರತೊಡಗಿದ ಮೇಲೆ ಜನರಿಗೆ ಎಲ್ಲದರ ಮೇಲೂ ಅನುಮಾನ. ನೋಡಲು ಅವೂ ಕಪ್ಪಗೇ ಇರುತ್ತಿದ್ದವು. ಆದರೆ ಒಂದು ಮಳೆ ಬಿದ್ದರೆ ಸಾಕು, ನೀರು ಕುಡಿದು ಭಾರವಾಗಿ ಹೊದ್ದವರ ಬೆನ್ನಿಗೆ ಅಂಟಿಕೊಳ್ಳುತ್ತಿದ್ದವು. ಹಾಗಾಗಿ ಗಿರಾಕಿಗಳು ಮಾಳಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ತನಿಖೆ ಶುರು ಮಾಡುತ್ತಿದ್ದರು.

"ಯಾವೂರ ಉಣ್ಣೆ ಇದು?"

"ನಮ್ಮೂರ ಕುರೀದೇ ಕಣಣ್ಣ."

"ಎಲ್ರೂ ಹಂಗೇ ಅಂತಾರೆ ಬಿಡು. ನೀರು ಕೊಡಿಲ್ಲಿ."

ಕಂಬಳಿಯ ಮೂಲೆಯನ್ನು ಗುಂಡಿ ಮಾಡಿ ಹಿಡಿದು ತಂಬಿಗೆ ನೀರು ಸುರಿಯುತ್ತಿದ್ದರು. ಕೆಳಗೆ ಹನಿ ಇಳಿಯಬಾರದು. ಆಮೇಲೆ ಅಂಚಿನ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರುತ್ತಿದ್ದರು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕರಗಿ ಅಂಟಾದರೆ ಗಿರಣಿಯದು. ಬೇರೆ ನೇಕಾರರಿಗೆ ಈ ತನಿಖೆ ಕಂಡರೆ ಮೈಯುರಿ. ಮಾಳಮ್ಮನಿಗೆ ಮಾತ್ರ ಖುಷಿ. ಪಾಪ, ವಾರವಿಡೀ ಯಾರೂ ಏನೂ ಕೇಳದವಳನ್ನು ಇಲ್ಲಿ ಜನ ಕೂತು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಅನುಮಾನದ ಮಾತಾದರೇನು, ಮಾತು ಮಾತೇ ಅಲ್ಲವೇ?

ಆ ವರ್ಷ ಮೇವು ಹುಡುಕಿ ಕುರಿಹಿಂಡುಗಳು ದೂರ ಹೋದವು. ಆಷಾಢ ಬಂದರೂ ತಿರುಗಿ ಬರಲಿಲ್ಲ. ಮಾಳಮ್ಮನ ಬುಟ್ಟಿಯಲ್ಲಿ ಒಂದೆರಡು ಹಿಡಿ ಉಣ್ಣೆ ಮಾತ್ರ ಉಳಿಯಿತು. ಒಂದು ಮಂಗಳವಾರ ಅವಳು ಸಂತೆಗೆ ಹೋಗಲಿಲ್ಲ. ಮುಂದಿನ ಮಂಗಳವಾರವೂ ಹೋಗಲಿಲ್ಲ. ಹದಿನೈದು ದಿನ ಅವಳು ಆಡಿದ್ದು ಆರೇಳು ಮಾತು, ಅದರಲ್ಲಿ ಅರ್ಧ ಬೆಕ್ಕಿಗೆ. ಅವಳಿಗೆ ಹೆದರಿಕೆಯಾಯಿತು.

ಮೂರನೆಯ ವಾರ ಅವಳು ಲಾರಿಯವನ ಹತ್ತಿರ ಗಿರಣಿ ನೂಲು ತಂದಳು. ಉಳಿದಿದ್ದ ಉಣ್ಣೆಯನ್ನು ಅಂಚಿಗೂ ಮೂಲೆಗೂ ಇಟ್ಟಳು. ನಡುವೆಲ್ಲ ಗಿರಣಿ ನೂಲು ತುಂಬಿದಳು. ಸಂತೆಯವರ ತನಿಖೆ ಅವಳಿಗೆ ಬಾಯಿಪಾಠವಾಗಿತ್ತು. ಹೊಸ ಕಂಬಳಿಯ ನಡುಭಾಗಕ್ಕೆ ಯಾರೂ ನೀರು ಹಾಕುವುದಿಲ್ಲ, ಅಲ್ಲಿಂದ ಯಾರೂ ಎಳೆ ಕೀಳುವುದಿಲ್ಲ. ಎಲ್ಲರೂ ನೋಡುವುದು ಮೂಲೆಯನ್ನೇ. ಇದನ್ನು ಮಾರುವುದೇ ಬೇಡ, ಮುಂದಿಟ್ಟುಕೊಂಡು ಕೂತಿದ್ದು ವಾಪಸ್ ತಂದರಾಯಿತು ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು.

ಮಂಗಳವಾರ ಬಂತು. ಮೂವರು ಕೂತು ನೀರು ಹಾಕಿದರು, ಎಳೆ ಸುಟ್ಟರು, ಚೌಕಾಸಿ ಮಾಡಿದರು. ಮಾಳಮ್ಮ ಬೆಲೆ ಇಳಿಸಲಿಲ್ಲ, ಅವರು ಎದ್ದು ಹೋದರು. ಅವಳಿಗೆ ಬೇಕಾದದ್ದೂ ಅಷ್ಟೇ. ಅಷ್ಟರಲ್ಲಿ ನಾಲ್ಕು ಚಾಪೆಯ ಆಚೆ ಬದನೆಕಾಯಿ ಮಾರುವ ಸಣ್ಣೀರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಎಲ್ಲಿಗೆ ಹೋಗಿದ್ದೆ ಅಕ್ಕಾ ಎರಡು ವಾರ? ನಮ್ಮನೆಯವರು ದನ ಕಾಯಾಕೆ ಮಳೇಲಿ ನಿಂತಿರ್ತಾರೆ. ಹಳೇ ಕಂಬಳಿ ಚಿಂದಿಯಾಗೈತೆ. ಇದನ್ನ ನಾನು ತಗಂತೀನಿ."

"ನೀರು ಹಾಕಿ ನೋಡು, ಸಣ್ಣೀರಮ್ಮ."

"ನಿನ್ನ ಕಂಬಳಿಗೂ ನೀರು ಹಾಕೋದಾ? ಚೆನ್ನಾಗಿ ಹೇಳ್ದೆ!" ಎಂದು ನಕ್ಕು ಸಣ್ಣೀರಮ್ಮ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡಳು.

ಮಾಳಮ್ಮನಿಗೆ 'ಬೇಡ' ಅನ್ನಬೇಕೆನಿಸಿತು. ಅನ್ನಬೇಕಿತ್ತು. ಆದರೆ ಅಷ್ಟು ಅಕ್ಕರೆಯಿಂದ ಅವಳನ್ನು ಯಾರಾದರೂ ಮಾತಾಡಿಸಿ ಎಷ್ಟೋ ಕಾಲವಾಗಿತ್ತು. ನಿಜ ಹೇಳಿದರೆ ಆ ನಗು ನಿಂತುಹೋಗುತ್ತದೆ ಎಂದು ಹೆದರಿ ದುಡ್ಡು ತೆಗೆದುಕೊಂಡಳು.

ಗುರುವಾರ ಮಳೆ ಹಿಡಿಯಿತು. ಮಾಳಮ್ಮ ಮತ್ತೆ ಮತ್ತೆ ಬಾಗಿಲಿಗೆ ಬಂದು ಆಕಾಶ ನೋಡಿದಳು. ಶುಕ್ರವಾರವೂ ಮಳೆ ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಅವಳು ತಾನು ಹೊದೆಯುವ ಕಂಬಳಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಸಣ್ಣೀರಮ್ಮನ ಊರಿನ ದಾರಿ ಹಿಡಿದಳು. ಅದು ಅಪ್ಪ ಕೊನೆಯದಾಗಿ ನೇಯ್ದ ಕಂಬಳಿ.

ಊರಿಗೆ ಇನ್ನೂ ದೂರವಿರುವಾಗಲೇ ದನಗಳು ಕಂಡವು. ಬೇವಿನ ಮರದಡಿ ಸಣ್ಣೀರಮ್ಮನ ಗಂಡ ಕಾಟಯ್ಯ ನಡುಗುತ್ತಾ ನಿಂತಿದ್ದ. ನೀರು ಕುಡಿದ ಕಂಬಳಿಯನ್ನು ಕೊಂಬೆಗೆ ನೇತು ಹಾಕಿದ್ದ. ಮಾಳಮ್ಮ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದಳು.

"ನಂಗೆ ಗುರುವಾರನೇ ಗೊತ್ತಾತು" ಎಂದ ಕಾಟಯ್ಯ. "ಅವಳಿಗೆ ಹೇಳಿಲ್ಲ. ಮಾಳಕ್ಕನ ಕಂಬಳಿ, ಮಾಳಕ್ಕನ ಕಂಬಳಿ ಅಂತ ಕೇರಿಗೆಲ್ಲ ತೋರ್ಸಿಕೊಂಡು ಬಂದವ್ಳೆ. ಮನೆಗೆ ಹೋಗೋ ಮುಂಚೆ ಹಿಂಡಿ, ಒದ್ದೆಯಾಗಿಲ್ಲ ಅಂತೀನಿ."

ಅವನು ಬೈಯಲಿಲ್ಲ. ಅವಳು ಕೊಟ್ಟ ಕಂಬಳಿ ಹೊದ್ದುಕೊಂಡು ಇನ್ನೊಂದು ಮಾತು ಹೇಳಿದ: "ನೀನು ಇಲ್ಲಿಂದಲೇ ತಿರುಗಿ ಹೋದ್ರೆ ನಾನಂತೂ ಬಾಯಿ ಬಿಡಾಕಿಲ್ಲ."

ಮಾಳಮ್ಮ ತಿರುಗಿ ಹೋಗಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮುಂದಿನ ಮಂಗಳವಾರ ಸಣ್ಣೀರಮ್ಮ ಮೊದಲಿನ ಹಾಗೇ ನಗುತ್ತಾ ಬರುತ್ತಿದ್ದಳು. ಆ ನಗುವನ್ನು ಕದ್ದ ಮಾಲಿನ ಹಾಗೆ ಇಟ್ಟುಕೊಳ್ಳಬೇಕಲ್ಲ ಎಂದು ಅವಳಿಗೆ ಸಂಕಟವಾಯಿತು. ಒದ್ದೆ ಕಂಬಳಿಯನ್ನು ಹೊತ್ತು ಊರೊಳಗೆ ಹೋದಳು.

ಸಣ್ಣೀರಮ್ಮ ಎಲ್ಲವನ್ನೂ ಹೊಸ್ತಿಲ ಮೇಲೆ ನಿಂತೇ ಕೇಳಿದಳು.

"ಯಾಕಕ್ಕಾ? ದುಡ್ಡಿಗೇನು?"

"ಅಲ್ಲ."

"ಮತ್ತೆ?"

"ಸಂತೆಗೆ ಬರಾಕೆ. ಬರಿಗೈಲಿ ಬಂದ್ರೆ ನನ್ನ ಯಾರು ಮಾತಾಡಿಸ್ತಾರೆ ಅಂತ."

ಸಣ್ಣೀರಮ್ಮನ ಕಣ್ಣಲ್ಲಿ ನೀರು ಬಂತು.

"ಬರಿಗೈಲೇ ಬಂದಿದ್ರೆ ನನ್ನ ಚಾಪೆ ಮೇಲೆ ಕೂತ್ಕಂಡು ಹೋಗ್ಬೌದಿತ್ತಲ್ಲಕ್ಕಾ. ಎರಡು ವಾರ ನಿನ್ನ ಜಾಗನೇ ನೋಡ್ತಿದ್ದೆ ನಾನು."

ಹಾಗೆಂದು ಅವಳು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಬಾ ಎಂದೂ ಕರೆಯಲಿಲ್ಲ. ಮಾಳಮ್ಮ ಒದ್ದೆ ಕಂಬಳಿಯನ್ನು ಹೊತ್ತು ಬಂದ ದಾರಿಯಲ್ಲೇ ನಡೆದಳು. ಸಣ್ಣೀರಮ್ಮ ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಅನ್ನಿಸಿತು.

ನೀತಿ: ಪರೀಕ್ಷೆ ಮಾಡಿ ಕೊಳ್ಳುವವರು ನಮ್ಮ ಸರಕನ್ನು ಕೊಳ್ಳುತ್ತಾರೆ. ನೋಡದೆ ಕೊಳ್ಳುವವರು ನಮ್ಮನ್ನು ನಂಬಿ ಬಂದಿರುತ್ತಾರೆ. ಅಂಥವರ ಕೈಗೆ ಕಲಬೆರಕೆ ಕೊಟ್ಟರೆ ಹೋಗುವುದು ಒಬ್ಬ ಗಿರಾಕಿಯಲ್ಲ, ನಮ್ಮವರು ಅಂತ ನಮಗೆ ಇದ್ದ ಒಬ್ಬರು.