ತೇಗದ ಉಡಿದಾರ

ಗಡಿ ಹೊಳೆಯ ಈಚೆ ದಡದಲ್ಲಿ ಘೋರವೊಂದು ನಡೆದುಹೋಯಿತು: ಮರ ಮಾರಿದ ಹಣದಲ್ಲಿ ಈಚೆ ದೇಶ ಆಚೆ ದೇಶಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿತ್ತು. ಮರಕುಟಿಗ ತಂದ ಈ ಸುದ್ದಿ ಕೇಳಿ ಮುದಿ ತೇಗ ಮೂರು ದಿನ ಎಲೆ ಅಲ್ಲಾಡಿಸಲಿಲ್ಲ.

“ಹತ್ತು ವರ್ಷ ನೀವೇ ಮುಂದಿದ್ದಿರಿ, ಸಾಕು ಬಿಡಿ ಅಜ್ಜ,” ಎಂದು ಆಚೆ ದಡದ ಬೀಟೆ ಮರ ಕೆಣಕಿತು.

“ಆ ಹತ್ತು ವರ್ಷದಲ್ಲಿ ನಿಮ್ಮ ನೆಂಟರೆಲ್ಲ ಎಲ್ಲಿಗೆ ಹೋದರು?” ಎಂದು ಮರಕುಟಿಗ ಕೇಳಿತು.

“ದೇಶದ ಕೆಲಸಕ್ಕೆ,” ಎಂದಿತು ತೇಗ.

ಮರುವಾರ ಕೊಡಲಿ ಹಿಡಿದವರು ಬಂದರು. ಕಡಿಯಲಿಲ್ಲ; ತೇಗದ ಬುಡದ ಸುತ್ತ ಗೇಣಗಲ ತೊಗಟೆ ಕೆತ್ತಿ ಹೋದರು.

“ನೋಡೋ ಬೀಟೆ, ನನಗೆ ಉಡಿದಾರ ಕಟ್ಟಿದ್ದಾರೆ! ನಿನಗೆಲ್ಲಿದೆ?”

“ಅಜ್ಜ, ಅದು ಒಣಗಿಸಲು ಮಾಡಿದ ಗಾಯ,” ಎಂದಿತು ಮರಕುಟಿಗ. “ಹಸಿ ತೇಗ ಹೊಳೆಯಲ್ಲಿ ಮುಳುಗುತ್ತದೆ. ನಿಂತಲ್ಲೇ ಒಣಗಿದ್ದು ತೇಲುತ್ತದೆ.”

“ನಿನಗೆ ಹೊಟ್ಟೆಕಿಚ್ಚು ಕಣೋ.”

ಆ ವರ್ಷ ತೇಗ ಚಿಗುರಲಿಲ್ಲ. ಗೌರವ ಸಿಕ್ಕವರು ಗಂಭೀರವಾಗಿರಬೇಕು ಎಂದುಕೊಂಡಿತು.

ಎರಡು ವರ್ಷದ ಮೇಲೆ ಅದು ಹೊಳೆಯಲ್ಲಿ ಸಲೀಸಾಗಿ ತೇಲಿಹೋಯಿತು. ಆ ವರ್ಷ ಈಚೆ ದೇಶ ಒಂದು ಮರದಷ್ಟು ಮುಂದಿತ್ತು. ಅದನ್ನು ಮೀರಿಸಲು ಆಚೆಯವರು ಬೀಟೆಯನ್ನು ಕಡಿದರು. ಮುಂದಿನ ವರ್ಷ ಎರಡೂ ದೇಶ ಸಮವಾದವು. ಮಾರಲು ಇಬ್ಬರಲ್ಲೂ ಮರ ಇರಲಿಲ್ಲ.